ಬಂದೂಕು ಮನೆಯಲ್ಲಿದ್ದರೆ ಮನಸ್ಸಿನ ಕಡೆಗೂ ಗಮನವಿರಲಿ

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಸುತ್ತಲಿನ ಹೊಲಗಳಿಗೆ ಕಾಡುಪ್ರಾಣಿಗಳ ಕಾಟ ಹೊಸದಲ್ಲ. ಬಂದೂಕು ಬೇಕೆಂಬ ಬೇಡಿಕೆಯೂ ಸಹಜ. ಅಮೆರಿಕದಲ್ಲಿ ಬಂದೂಕು ಸಂವಿಧಾನ ಕೊಟ್ಟ ಹಕ್ಕು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಬೇಕು. ಬೆಳೆ ರಕ್ಷಣೆಗೂ ಅದು ದೊರೆಯುತ್ತದೆ; ಆದರೆ ಕೃಷ್ಣಮೃಗವನ್ನು ಕೊಲ್ಲಲು ಅದು ಅನುಮತಿಯಲ್ಲ.

ಅರ್ಜಿಯೊಂದಿಗೆ ದೈಹಿಕ ಹಾಗೂ ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರವನ್ನು 2016ರ ನಿಯಮಗಳು ಕೇಳುತ್ತವೆ. ಆದರೆ ವೈದ್ಯರು ನೋಡುವುದು ಒಂದು ದಿನದ ಮನಸ್ಸನ್ನು. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ 5 ವರ್ಷ. ಅಷ್ಟರಲ್ಲಿ ಮಳೆ ಕೈಕೊಡಬಹುದು, ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ದರ ಕುಸಿಯಬಹುದು, ಸಾಲ ಬೆಳೆಯಬಹುದು.

ಬಂದೂಕಿರುವ ಮನೆಗಳಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚೆಂದು ಅಮೆರಿಕದ ಅಧ್ಯಯನಗಳು ತೋರಿಸಿವೆ. ಸಾಯಬೇಕೆಂಬ ಆವೇಗ ಹಲವರಲ್ಲಿ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಕ್ರಿಮಿನಾಶಕಕ್ಕೂ ಇದೇ ಮಾತು.

ನೀವು ಮಾಡಬೇಕಾದ್ದು ಇಷ್ಟು:

• ಬಂದೂಕನ್ನು ಖಾಲಿ ಮಾಡಿ, ಬೀಗ ಹಾಕಿಡಿ. ಮದ್ದುಗುಂಡು ಬೇರೆ ಕಡೆ, ಬೇರೆ ಬೀಗದಲ್ಲಿರಲಿ.

• ಮಕ್ಕಳಿಗೆ ಬೀಗದಕೈ ಎಲ್ಲಿದೆ ಎಂಬುದು ತಿಳಿಯದಿರಲಿ.

• ಮನೆಯವರಲ್ಲಿ ನಿದ್ರೆಗೇಡು, ಮೌನ, ವಿಪರೀತ ಕುಡಿತ, 'ಇನ್ನು ಬದುಕಿ ಏನು' ಎಂಬ ಮಾತು ಕಂಡರೆ ಬಂದೂಕನ್ನು ತಾತ್ಕಾಲಿಕವಾಗಿ ಒಪ್ಪಿಸುವ ಬಗ್ಗೆ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ. ಚುನಾವಣೆ ಬಂದಾಗ ಒಪ್ಪಿಸುವುದಿಲ್ಲವೇ? ಪರವಾನಗಿ ಇಲ್ಲದ ನೆಂಟರ ಮನೆಯಲ್ಲಿ ಮಾತ್ರ ಇಡಬೇಡಿ.

• ಅವರನ್ನು ಒಂಟಿಯಾಗಿ ಬಿಡದೆ ಹಾವೇರಿ ಜಿಲ್ಲಾ ಆಸ್ಪತ್ರೆಗೆ ಕರೆತನ್ನಿ. ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಹಗಲಿರುಳು ಕರೆ ಮಾಡಬಹುದು.

ಬೆಳೆ ಮತ್ತೊಂದು ಹಂಗಾಮಿಗೆ ಬಂದೀತು. ಹೋದ ಜೀವ ಬಾರದು.