ಪಾಳು ಗಣಿಯೂ ನಮ್ಮ ಹಾಳು ಬಾವಿಯೂ



ಕೃಷಿ ಡಿಪ್ಲೊಮಾ ಓದುವಾಗ ನನ್ನ ಜೊತೆಗಿದ್ದ ಗೆಳೆಯನೊಬ್ಬನು ಕೋಲಾರ ಚಿನ್ನದ ಗಣಿಯ ಊರಿನವನು. ಕಳೆದ ವರ್ಷ ಅವನಲ್ಲಿಗೆ ಹೋದಾಗ, ಬ್ಯಾಟರಿ ಹಿಡಿದು ಪಾಳು ಗಣಿಯೊಳಗೆ ನಾಲ್ಕು ಹೆಜ್ಜೆ ಇಳಿದು ನೋಡೋಣವೆಂದು ನಾನೇ ಹಟ ಮಾಡಿದೆನು. ಅವನು ಬೇಲಿಯ ಬಳಿ ನನ್ನ ಕೈ ಹಿಡಿದು ನಿಲ್ಲಿಸಿ, "ನಮ್ಮ ತಾತ ಮೂವತ್ತು ವರ್ಷ ಇದರೊಳಗೆ ದುಡಿದವರು. ಗಣಿ ನಿಂತ ಮೇಲೆ ಅವರೂ ಒಳಗೆ ಕಾಲಿಡಲಿಲ್ಲ" ಎಂದನು. ಕಾರಣವನ್ನು ತಾವೂ ತಿಳಿಯಬೇಕು.

ಅಲ್ಲಿ 1880ರಿಂದ ಜಾನ್ ಟೇಲರ್ ಕಂಪನಿಯು ಚಿನ್ನ ತೆಗೆಯಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ಗಣಿಯ ಆಳವು 3 ಕಿಲೋಮೀಟರಿಗೂ ಮಿಕ್ಕಿತು. ಯಂತ್ರಗಳು ಗಾಳಿ ಕಳಿಸಿದ್ದರಿಂದಲೂ ಪಂಪುಗಳು ನೀರೆತ್ತಿದ್ದರಿಂದಲೂ ಮನುಷ್ಯರು ಅಲ್ಲಿ ದುಡಿದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪು ನಿಂತೊಡನೆ ನೀರು ಏರತೊಡಗಿತು. ಆಸರೆಯ ಮರ ಕೊಳೆತರೆ ಮೇಲಿನ ಕಲ್ಲು ಕುಸಿಯುವುದು. ಎಲ್ಲಕ್ಕಿಂತ ಮೋಸದ್ದು ಗಾಳಿ.

ಒಳ್ಳೆಯ ಗಾಳಿಯಲ್ಲಿ ನೂರಕ್ಕೆ ಸುಮಾರು 21 ಪಾಲು ಆಮ್ಲಜನಕವಿರುತ್ತದೆ. ಅದು 10ಕ್ಕೆ ಇಳಿದರೆ ಕೂಗುವ ಮೊದಲೇ ಎಚ್ಚರ ತಪ್ಪಬಹುದು. ಕೆಟ್ಟ ಗಾಳಿಗೆ ಬಣ್ಣವಿಲ್ಲ, ಅನೇಕ ವೇಳೆ ವಾಸನೆಯೂ ಇಲ್ಲ.

"ನಮ್ಮ ಕಡೆ ಅಂಥ ಗಣಿ ಎಲ್ಲಿದೆ?" ಎಂದು ತಾವು ಕೇಳಬಹುದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹೊಲಗಳಲ್ಲಿ ಹಾಳು ಬಾವಿಗಳಿವೆಯಲ್ಲವೇ? ಗಾಳಿಯ ನಿಯಮ ಎರಡಕ್ಕೂ ಒಂದೇ. ಬಾವಿಯ ತಳದಲ್ಲಿ ಎಲೆ, ಕಸ, ರಾಡಿ ಕೊಳೆಯುವಾಗ ಆಮ್ಲಜನಕ ಕಡಿಮೆಯಾಗಿ ಇಂಗಾಲಾಮ್ಲ ಹುಟ್ಟುತ್ತದೆ. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ. ಆದುದರಿಂದ ತಳದಲ್ಲಿಯೇ ನಿಲ್ಲುತ್ತದೆ. ಬಾವಿಯೊಳಗೆ ಡೀಸೆಲ್ ಎಂಜಿನ್ ನಡೆಸಿದರೆ ಅದರ ಹೊಗೆಯೂ ವಿಷವೇ.

ಹಿಂದಿನವರು ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ಅದು ಆರಿದರೆ ಇಳಿಯಬಾರದೆಂಬುದು ಸರಿಯೇ. ಆದರೆ ಉರಿದರೆ ಅಪಾಯವಿಲ್ಲವೆಂದು ನಂಬಬಾರದು. ವಿಷಗಾಳಿಯಲ್ಲಿಯೂ ದೀಪ ಉರಿಯಬಹುದು. ಉರಿಯುವ ಅನಿಲವಿದ್ದರೆ ಬೆಂಕಿ ಹತ್ತಬಹುದು.

ಆದುದರಿಂದ ಈ ಮಾತುಗಳನ್ನು ನೆನಪಿಡಿರಿ:

1. ಹಗ್ಗ, ಕೊಡ, ಪಂಪು ಏನೇ ಬಿದ್ದಿರಲಿ, ಹಾಳು ಬಾವಿಗೆ ಇಳಿಯಬೇಡಿರಿ. ಮೇಲಿನಿಂದಲೇ ಪಾತಾಳಗರಡಿ ಹಾಕಿ ತೆಗೆಯಿರಿ.

2. ಒಳಗೆ ಒಬ್ಬನು ಬಿದ್ದರೆ ಎತ್ತಲು ಮತ್ತೊಬ್ಬನು ಇಳಿಯಬಾರದು. ಅಣ್ಣನ ಹಿಂದೆ ತಮ್ಮನೂ ಹೋಗುವುದು ಹೀಗೆಯೇ. ಕೂಡಲೇ 112ಕ್ಕೆ ಫೋನು ಮಾಡಿ ಅಗ್ನಿಶಾಮಕ ದಳವನ್ನು ಕರೆಯಿರಿ.

3. ನೀರಿಲ್ಲದ ಕೊಳವೆ ಬಾವಿಯ ಬಾಯಿಯನ್ನು ಅಂದೇ ಭದ್ರವಾಗಿ ಮುಚ್ಚಿರಿ. 2017ರ ಏಪ್ರಿಲ್‌ನಲ್ಲಿ ಅಥಣಿ ತಾಲೂಕಿನ ಝುಂಜರವಾಡದಲ್ಲಿ ಇಂಥ ಕೊಳವೆ ಬಾವಿಗೆ ಬಿದ್ದ ಬಾಲಕಿ ಬದುಕಲಿಲ್ಲ.

ಮುಂದಿನ ಗ್ರಾಮಸಭೆಗೆ ಬರುವಾಗ ತಮ್ಮ ಹೊಲದ ಹಾಳು ಬಾವಿಗಳ ಲೆಕ್ಕ ತನ್ನಿರಿ. ಯಾವುದನ್ನು ತುಂಬಬೇಕು, ಯಾವುದಕ್ಕೆ ಕಟ್ಟೆ ಕಟ್ಟಬೇಕು ಎಂಬುದನ್ನು ಕೂಡಿ ನಿಶ್ಚಯಿಸೋಣ. ಅಂದು ಗೆಳೆಯನು ನನ್ನ ಕೈ ಹಿಡಿದನು. ನಮ್ಮ ಹುಡುಗರ ಕೈಯನ್ನು ನಾವು ಹಿಡಿಯಬೇಕು.