ಮನೆ ಮುಂದೆ ಹೆದ್ದಾರಿ ಕಾಮಗಾರಿ: ಆರೋಗ್ಯದ ಲೆಕ್ಕವನ್ನೂ ಕೇಳೋಣ

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಲ್ಲಿ ಸಿಗುವ ಊರು ಕಾಮಗೆರೆ. ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸುಗಳು, ಶಿವರಾತ್ರಿ ಮತ್ತು ದೀಪಾವಳಿಯ ಪಾದಯಾತ್ರಿಗಳು, ಪಾಲಾರ್ ದಾಟಿ ತಮಿಳುನಾಡಿಗೆ ಸಾಗುವ ಲಾರಿಗಳು ಎಲ್ಲವೂ ಈ ಊರಿನ ಮೂಲಕವೇ ಹಾದುಹೋಗುತ್ತವೆ. ಸುತ್ತಲಿನ ಹಳ್ಳಿಗಳ ಬಡವರು ಜಾತಿ–ಧರ್ಮದ ಭೇದವಿಲ್ಲದೆ ಚಿಕಿತ್ಸೆಗೆ ಬರುವ ಹೋಲಿ ಕ್ರಾಸ್ ಆಸ್ಪತ್ರೆಯೂ ಇಲ್ಲಿದೆ. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ದೇವಸ್ಥಾನದಲ್ಲಿ ವಿಷ ಬೆರೆತ ಪ್ರಸಾದ ತಿಂದು ಅಸ್ವಸ್ಥರಾದವರಲ್ಲಿ ಹಲವರನ್ನು ಮೊದಲು ಕರೆತಂದದ್ದು ಇಲ್ಲಿಗೇ. ನಿಮಿಷ ನಿಮಿಷವೂ ಅಮೂಲ್ಯವಾಗಿದ್ದ ಆ ದಿನ ಒಳ್ಳೆಯ ರಸ್ತೆಯ ಬೆಲೆ ಏನೆಂಬುದು ಈ ಭಾಗದವರಿಗೆಲ್ಲ ತಿಳಿಯಿತು.

ಆದ್ದರಿಂದ ರಸ್ತೆ ಬೇಡ ಎನ್ನುವವರು ಇಲ್ಲಿ ಸಿಗಲಾರರು. ಕೊಳ್ಳೇಗಾಲ–ಹನೂರು ನಡುವಿನ ಸುಮಾರು 24 ಕಿ.ಮೀ. ರಸ್ತೆಯ ಪುನರ್‌ನಿರ್ಮಾಣವನ್ನು ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ರಾಜ್ಯ ಹೆದ್ದಾರಿ ಅಭಿವೃದ್ಧಿ ಯೋಜನೆಯ (ಕೆಶಿಪ್) ಮೂರನೇ ಹಂತಕ್ಕೆ ಸೇರಿಸಲಾಯಿತು. ಇಂತಹ ಯೋಜನೆಯ ಸುದ್ದಿ ಬಂದೊಡನೆ ರಸ್ತೆ ಬದಿಯ ಮನೆಗಳಲ್ಲಿ ಏಳುವ ಪ್ರಶ್ನೆಗಳು ಮಾತ್ರ ಎಲ್ಲೆಡೆಯೂ ಒಂದೇ. ನಮ್ಮ ಗೋಡೆ ಎಷ್ಟು ಹೋಗುತ್ತದೆ? ರಸ್ತೆ ಎಷ್ಟು ಎತ್ತರವಾಗುತ್ತದೆ? ಚರಂಡಿ ನೀರು ಎಲ್ಲಿಗೆ ಹೋಗುತ್ತದೆ? ಕೆಲಸ ಎಷ್ಟು ತಿಂಗಳು ನಡೆಯುತ್ತದೆ? ಮಕ್ಕಳು ಶಾಲೆಗೆ ಹೇಗೆ ದಾಟುತ್ತಾರೆ? ಪರಿಹಾರದ ಹಣದ ಬಗ್ಗೆ ಊರಲ್ಲಿ ಸಾಕಷ್ಟು ಚರ್ಚೆಯಾಗುತ್ತದೆ. ಈ ಪ್ರಶ್ನೆಗಳೊಳಗೆ ಅಡಗಿರುವ ಆರೋಗ್ಯದ ವಿಷಯ ಚರ್ಚೆಯಾಗುವುದು ಕಡಿಮೆ. ಕಾಮಗೆರೆಯವರಿಗೆ ಮಾತ್ರವಲ್ಲ, ಹೆದ್ದಾರಿ ಬದಿಯಲ್ಲಿ ವಾಸಿಸುವ ಎಲ್ಲ ಕುಟುಂಬಗಳಿಗೂ ಇದು ಸಂಬಂಧಿಸಿದ್ದು.

ದೂಳು: ಕಣ್ಣಿಗೆ ಕಾಣದ್ದೇ ಹೆಚ್ಚು ಅಪಾಯ

ಹಳೆಯ ರಸ್ತೆ ಅಗೆದು, ಜಲ್ಲಿ ಮತ್ತು ಮಣ್ಣು ಹಾಸಿ, ಡಾಂಬರು ಬೀಳುವವರೆಗೆ ತಿಂಗಳುಗಟ್ಟಲೆ ದೂಳು ಏಳುತ್ತದೆ. ಮಂಚ, ಪಾತ್ರೆಗಳ ಮೇಲೆ ಕೂರುವ ದಪ್ಪ ದೂಳನ್ನು ಒರೆಸಬಹುದು. ಗಾಳಿಯಲ್ಲೇ ತೇಲುವ ಅತಿ ಸಣ್ಣ ಕಣಗಳು ಉಸಿರಿನ ಜೊತೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ನಮ್ಮ ದೇಶದ ಮಾನದಂಡದಂತೆ 24 ಗಂಟೆಗಳ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ 10 ಮೈಕ್ರಾನ್‌ಗಿಂತ ಸಣ್ಣ ಕಣಗಳು 100 ಮೈಕ್ರೋಗ್ರಾಂ, 2.5 ಮೈಕ್ರಾನ್‌ಗಿಂತ ಸಣ್ಣವು 60 ಮೈಕ್ರೋಗ್ರಾಂ ಮೀರಬಾರದು. ಜಲ್ಲಿಯ ದೂಳಿನಲ್ಲಿರುವ ಸಿಲಿಕಾ ಮತ್ತು ಡೀಸೆಲ್ ಹೊಗೆ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಇರಿಸಿದೆ. ಇವುಗಳ ಹೆಚ್ಚಿನ ಅಪಾಯ ದಿನವಿಡೀ ಅದರಲ್ಲೇ ನಿಲ್ಲುವ ಕೂಲಿ ಕಾರ್ಮಿಕರಿಗೆ. ಆದರೆ ಆಸ್ತಮಾ ಇರುವವರು, ಹಿಂದೆ ಕ್ಷಯರೋಗ ಬಂದು ಗುಣವಾದವರು, ಗರ್ಭಿಣಿಯರು, ಹಸುಗೂಸುಗಳು ಮತ್ತು ವೃದ್ಧರು ಇರುವ ಮನೆಗಳೂ ಎಚ್ಚರದಿಂದಿರಬೇಕು. ಸೌದೆ ಒಲೆಯಲ್ಲಿ ಅಡುಗೆ ಮಾಡುವ ಮನೆಗಳಲ್ಲಿ ಹೆಂಗಸರಿಗೆ ಒಳಗಿನ ಹೊಗೆ, ಹೊರಗಿನ ದೂಳು ಎರಡೂ ಸೇರುತ್ತವೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ದಿನಕ್ಕೆ ಹಲವು ಬಾರಿ ನೀರು ಸಿಂಪಡಿಸುವುದು, ಮಣ್ಣು ಸಾಗಿಸುವ ಲಾರಿಗೆ ಟಾರ್ಪಾಲು ಹೊದಿಸುವುದು, ಊರೊಳಗಿನ ಭಾಗವನ್ನು ಒಮ್ಮೆಗೇ ಅಗೆದು ಬಿಡದೆ ತುಂಡು ತುಂಡಾಗಿ ಮುಗಿಸುವುದು. ಇವೆಲ್ಲ ಗುತ್ತಿಗೆದಾರರು ಮಾಡಿಕೊಡುವ ಉಪಕಾರವಲ್ಲ, ಅವರ ಹೊಣೆ.

ಮನೆಯಲ್ಲಿ ನಾವು ಮಾಡಬಹುದಾದ ಕೆಲಸಗಳೂ ಇವೆ. ರಸ್ತೆ ಕಡೆಯ ಕಿಟಕಿ ಮುಚ್ಚಿ ಹಿಂಬದಿಯ ಕಿಟಕಿ ತೆರೆದಿಡಿ. ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ನೆಲ ಒರೆಸಿ. ನೀರಿನ ಕೊಡ ಮತ್ತು ಆಹಾರದ ಪಾತ್ರೆಗಳನ್ನು ಮುಚ್ಚಿಡಿ. ಮುಖದ ಮೇಲಿನ ದುಪ್ಪಟ್ಟಾ ಅಥವಾ ನಖಾಬ್ ದಪ್ಪ ದೂಳನ್ನಷ್ಟೇ ತಡೆಯುತ್ತದೆ. ಸಣ್ಣ ಕಣಗಳಿಗೆ ಎನ್–95 ಮಾಸ್ಕೇ ಬೇಕು. ದಿನಕ್ಕೆ ಐದು ಬಾರಿ ವುಝೂ ಮಾಡುವಾಗ ಮೂಗಿಗೆ ನೀರೆಳೆದು ತೊಳೆಯುವುದರಿಂದ ಮೂಗಿನಲ್ಲಿ ಕೂತ ದೂಳು ಹೋಗುತ್ತದೆ. ಎದೆಗೆ ಇಳಿದ ದೂಳು ಅದರಿಂದ ಹೋಗದು. ಆದ್ದರಿಂದ ಉಬ್ಬಸ, ರಾತ್ರಿಯ ಕೆಮ್ಮು ಕಾಣಿಸಿಕೊಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ. ರಮಝಾನ್‌ನಲ್ಲಿ ಉಪವಾಸ ಹಿಡಿಯಬೇಕೆಂದು ಇನ್‌ಹೇಲರನ್ನು ತಾವಾಗಿಯೇ ನಿಲ್ಲಿಸುವವರಿದ್ದಾರೆ. ಇದು ಜೀವಕ್ಕೆ ಅಪಾಯ. ರಮಝಾನ್ ಆರಂಭವಾಗುವ ಮೊದಲೇ ವೈದ್ಯರನ್ನೂ ಆಲಿಮರನ್ನೂ ಕೇಳಿ. ರೋಗಿಗಳು ಉಪವಾಸವನ್ನು ಬೇರೆ ದಿನಗಳಲ್ಲಿ ಪೂರ್ತಿ ಮಾಡಲು ಅಲ್ಲಾಹನು ಅನುಮತಿ ನೀಡಿದ್ದಾನೆ.

ನೀರು ಮತ್ತು ಚರಂಡಿ

ರಸ್ತೆ ಅಗೆಯುವಾಗ ಕುಡಿಯುವ ನೀರಿನ ಕೊಳವೆ ಒಡೆಯುವುದು ಸಾಮಾನ್ಯ. ಪಕ್ಕದಲ್ಲೇ ಚರಂಡಿ ಇದ್ದರೆ ಆ ಕೊಳಕು ಕೊಳವೆಯೊಳಗೆ ಸೇರುತ್ತದೆ. ವಾಂತಿಭೇದಿ, ಟೈಫಾಯ್ಡ್, ಕಾಮಾಲೆಗೆ ಇಷ್ಟೇ ಸಾಕು. ಕೆಲಸ ನಡೆಯುವಷ್ಟು ದಿನ ನಲ್ಲಿ ನೀರನ್ನು ಕುದಿಸಿಯೇ ಕುಡಿಯಿರಿ. ಕುದಿಸಲಾಗದಿದ್ದರೆ ಆರೋಗ್ಯ ಕಾರ್ಯಕರ್ತೆಯರಲ್ಲಿ ಕ್ಲೋರಿನ್ ಮಾತ್ರೆ ಕೇಳಿ ಪಡೆಯಿರಿ. ಹಾಕಿದ ಮೇಲೆ ಅರ್ಧ ಗಂಟೆ ಬಿಟ್ಟು ಬಳಸಿ. ಮಕ್ಕಳಿಗೆ ಭೇದಿಯಾದರೆ ಓಆರ್‌ಎಸ್ ಕೊಡಿ. ಅದು ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು (ಟೀ ಚಮಚದ ಅಳತೆ) ಬೆರೆಸಿ ಕುಡಿಸುತ್ತಾ ಆಸ್ಪತ್ರೆಗೆ ಕರೆದೊಯ್ಯಿರಿ.

ಅರ್ಧಕ್ಕೆ ನಿಂತ ಚರಂಡಿ, ಗುಂಡಿಗಳಲ್ಲಿ ಮಳೆನೀರು ನಿಂತರೆ ಸೊಳ್ಳೆ ಹುಟ್ಟಲು ಒಂದು ವಾರ, ಹತ್ತು ದಿನ ಸಾಕು. ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲು ಹೊತ್ತಿನಲ್ಲಿ. ಮನೆ ಮುಂದೆ ನೀರು ನಿಂತಿದ್ದರೆ ಪಂಚಾಯಿತಿಗೆ ಲಿಖಿತವಾಗಿ ತಿಳಿಸಿ.

ಎಲ್ಲಕ್ಕಿಂತ ದೀರ್ಘಕಾಲದ ತೊಂದರೆ ರಸ್ತೆಯ ಎತ್ತರದ್ದು. ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಪದರ ಹಾಕುತ್ತಾ ಹೋದರೆ ಮನೆಗಳು ತಗ್ಗಿಗೆ ಸೇರುತ್ತವೆ. ಆಮೇಲೆ ಪ್ರತಿ ಮಳೆಗೂ ಬೀದಿಯ ಕೊಳಕು ನೀರು ಹೊಸ್ತಿಲು ದಾಟುತ್ತದೆ. ಕೆಲಸ ಆರಂಭವಾಗುವ ಮೊದಲೇ ಎಂಜಿನಿಯರರನ್ನು ಕರೆದು, ಮುಗಿದ ಮೇಲೆ ರಸ್ತೆ ಎಲ್ಲಿಗೆ ಬರುತ್ತದೆ, ಚರಂಡಿ ಎಲ್ಲಿಗೆ ಬರುತ್ತದೆ ಎಂದು ಗೋಡೆಯ ಮೇಲೆ ಗುರುತು ಹಾಕಿಸಿಕೊಳ್ಳಿ. ಚರಂಡಿಯ ಕೊನೆ ಯಾವ ಹಳ್ಳಕ್ಕೆ ಸೇರುತ್ತದೆಂದೂ ಕೇಳಿ.

ಶಬ್ದ ಮತ್ತು ವೇಗ

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆಗಳ ಸುತ್ತ 100 ಮೀಟರ್ ವರೆಗಿನ ನಿಶ್ಶಬ್ದ ವಲಯದಲ್ಲಿ ಇದು 50 ಮತ್ತು 40. ರಾತ್ರಿ ಹೊತ್ತು ಯಂತ್ರಗಳ ಕೆಲಸ ನಡೆಸುವ ಮೊದಲು ಇದನ್ನು ನೆನಪಿಸಬೇಕು. ನಿದ್ರೆ ಕೆಟ್ಟರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರ ಆರೋಗ್ಯವೂ ಕೆಡುತ್ತದೆ.

ರಸ್ತೆ ಚೆನ್ನಾದ ಮೇಲೆ ವಾಹನಗಳ ವೇಗ ಹೆಚ್ಚುತ್ತದೆ. ಸರಾಸರಿ ವೇಗ ಶೇ. 1ರಷ್ಟು ಹೆಚ್ಚಿದರೆ ಸಾವಿಗೆ ಕಾರಣವಾಗುವ ಅಪಘಾತಗಳ ಸಂಭವ ಶೇ. 4ರಷ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದ ಬಳಿ ದಾಟುವ ಪಟ್ಟೆ, ವೇಗತಡೆ, ದೀಪ, ಪಾದಚಾರಿ ದಾರಿ ಇವು ನಕ್ಷೆಯಲ್ಲೇ ಇರಬೇಕು; ಒಂದು ಸಾವಾದ ಮೇಲೆ ರಸ್ತೆ ತಡೆ ಮಾಡಿ ಪಡೆಯುವಂತಾಗಬಾರದು. ಫಜ್ರ್ ಮತ್ತು ಇಶಾ ನಮಾಝ್‌ಗೆ ಕತ್ತಲಲ್ಲಿ ನಡೆದು ಹೋಗುವ ಹಿರಿಯರಿಗಾಗಿ ಅಗೆದ ಗುಂಡಿಗಳ ಸುತ್ತ ತಡೆಬೇಲಿ, ಹೊಳೆಯುವ ಪಟ್ಟಿ ಇರಲೇಬೇಕು.

ಗುಡ್ಡ ಕಡಿದು ರಸ್ತೆ ಅಗಲ ಮಾಡುವಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ರಸ್ತೆ ಬದಿಯ ಚಹಾ ಅಂಗಡಿಯ ಕುಟುಂಬ, ನಿಂತಿದ್ದ ಲಾರಿ ಎಲ್ಲವೂ ಮಣ್ಣುಪಾಲಾದದ್ದನ್ನು ಯಾರೂ ಮರೆತಿಲ್ಲ.

ಯಾರನ್ನು, ಯಾವಾಗ ಕೇಳಬೇಕು?

ಸಮಯ ಮೀರಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ. 2013ರ ಭೂಸ್ವಾಧೀನ ಕಾಯ್ದೆಯಡಿ ಪ್ರಾಥಮಿಕ ಅಧಿಸೂಚನೆ ಹೊರಟ 60 ದಿನಗಳೊಳಗೆ ಆಕ್ಷೇಪ ಸಲ್ಲಿಸಬಹುದು. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿಯಾದರೆ ಕೇವಲ 21 ದಿನ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆಗಳಲ್ಲಿ ಪರಿಸರ ಮತ್ತು ಪುನರ್ವಸತಿಯ ಯೋಜನೆ ತಯಾರಿಸಬೇಕು, ಜನರ ದೂರು ಆಲಿಸುವ ವ್ಯವಸ್ಥೆ ಇರಬೇಕು. ಜಾಗದ ಹಕ್ಕುಪತ್ರ ಇಲ್ಲದವರಿಗೂ ಅವರು ಕಟ್ಟಿಕೊಂಡ ಅಂಗಡಿ, ಗೂಡು, ಜೀವನೋಪಾಯದ ನಷ್ಟಕ್ಕೆ ನೆರವು ನೀಡಬೇಕೆಂದು ಆ ಬ್ಯಾಂಕಿನ 2009ರ ನೀತಿ ಹೇಳುತ್ತದೆ. ರಸ್ತೆ ಬದಿಯಲ್ಲಿ ಪಂಕ್ಚರ್ ಅಂಗಡಿ, ಹಣ್ಣಿನ ಗಾಡಿ, ಮಾಂಸದಂಗಡಿ ನಡೆಸುವ ನಮ್ಮ ಸಹೋದರರು ಇದನ್ನು ತಿಳಿದಿರಬೇಕು. ನಕ್ಷೆ, ಅಂದಾಜು ಪಟ್ಟಿ ಸಿಗದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನಡಿ ಕೇಳಿ. 30 ದಿನಗಳಲ್ಲಿ ಉತ್ತರ ಕೊಡಬೇಕು. ಮಸೀದಿ ಅಥವಾ ಖಬರಸ್ತಾನದ ಜಾಗ ರಸ್ತೆಗೆ ತಾಗುವಂತಿದ್ದರೆ ಜಮಾಅತ್‌ನವರು ದಾಖಲೆಗಳನ್ನು ಈಗಲೇ ಸರಿಪಡಿಸಿಟ್ಟು ಜಿಲ್ಲಾ ವಕ್ಫ್ ಕಚೇರಿಗೆ ತಿಳಿಸಬೇಕು.

ಈ ಕೆಲಸವನ್ನು ಒಂದು ಸಮುದಾಯದ ಬೇಡಿಕೆಯಾಗಿ ಮಾಡಬೇಡಿ. ದೂಳು ಎಲ್ಲರ ಮನೆಗೂ ಬರುತ್ತದೆ. ಮಸೀದಿ, ಚರ್ಚ್, ದೇವಸ್ಥಾನಗಳ ಹಿರಿಯರು, ಶಾಲೆಯ ಶಿಕ್ಷಕರು, ಆಶಾ ಕಾರ್ಯಕರ್ತೆಯರು ಒಟ್ಟಾಗಿ ಒಂದೇ ಅರ್ಜಿಗೆ ಸಹಿ ಹಾಕಿದರೆ ಅದಕ್ಕೆ ತೂಕ ಬರುತ್ತದೆ. ಸಭೆಗೆ ಹೆಂಗಸರೂ ಹೋಗಲಿ. ನೀರು ತುಂಬುವವರು, ಮಗುವಿನ ಕೆಮ್ಮು ಕೇಳುತ್ತಾ ರಾತ್ರಿ ಎದ್ದಿರುವವರು ಅವರೇ.

ದಾರಿಯಿಂದ ತೊಂದರೆ ಕೊಡುವ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆ ಎಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದರು. ದಾರಿಗೂ ಅದರದ್ದೇ ಹಕ್ಕುಗಳಿವೆ ಎಂದರು. ದೂರದ ಇರಾಕಿನಲ್ಲಿ ಒಂದು ಹೇಸರಗತ್ತೆ ಎಡವಿದರೂ ಅದಕ್ಕೆ ದಾರಿ ಸಮ ಮಾಡಿಸಲಿಲ್ಲವೇಕೆ ಎಂದು ತಾನು ಅಲ್ಲಾಹನ ಮುಂದೆ ಉತ್ತರಿಸಬೇಕಾದೀತೆಂದು ಹಝ್ರತ್ ಉಮರ್(ರ) ಭಯಪಟ್ಟ ಮಾತು ಪ್ರಸಿದ್ಧವಾಗಿದೆ. ರಸ್ತೆ ಕಟ್ಟುವವರಿಗೆ ಈ ಹೊಣೆಯನ್ನು ನೆನಪಿಸುವುದು ನಮ್ಮ ಕರ್ತವ್ಯ. ಜೊತೆಗೆ ನಮ್ಮ ಮನೆಯ ಕಸ, ಕಟ್ಟಡದ ಮಣ್ಣು, ಕೊಳಕು ನೀರನ್ನು ಹೊಸ ಚರಂಡಿಗೆ ಸುರಿಯದಿರುವ ಹೊಣೆಯೂ ನಮ್ಮದೇ. ಇನ್‌ಶಾ ಅಲ್ಲಾಹ್, ಈ ಬಾರಿ ಗ್ರಾಮಸಭೆಗೆ ಹೋಗುವಾಗ ಮೇಲಿನ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.