ಬಾಡಿಗೆ ವಾಹನಗಳೂ ಸ್ಥಳಸೂಚಕ ಯಂತ್ರದ ನಿಯಮವೂ

ಈಚಿನ ವರ್ಷಗಳಲ್ಲಿ ಅನೇಕ ಜಮೀನುದಾರರು ಬೇಸಾಯದೊಡನೆ ಒಂದೆರಡು ಲಾರಿಗಳನ್ನಾಗಲಿ, ಪ್ರಯಾಣಿಕರ ಮ್ಯಾಕ್ಸಿಕ್ಯಾಬನ್ನಾಗಲಿ ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಿರುವುದು ಎಲ್ಲರೂ ಬಲ್ಲ ವಿಷಯವೇ ಆಗಿದೆ. ಸುಗ್ಗಿಯಲ್ಲಿ ಅದೇ ಲಾರಿಯು ಯಜಮಾನನ ಫಸಲನ್ನೂ ನೆರೆಹೊರೆಯವರ ಫಸಲನ್ನೂ ಪೇಟೆಗೆ ಸಾಗಿಸತಕ್ಕದ್ದು. ಯೋಗ್ಯತಾ ಪತ್ರವು, ಎಂದರೆ ವಾಡಿಕೆಯ ಮಾತಿನಲ್ಲಿ ಎಫ್.ಸಿ.ಯು, ದೊರೆಯದೆ ಅಂಥ ಲಾರಿಯು ಹತ್ತು ದಿನ ಮನೆಯ ಮುಂದೆ ನಿಂತರೆ ರಾಗಿಯು ಕಾದೀತು. ಕೋಲಾರದ ಕಡೆಯ ಟೊಮ್ಯಾಟೊ ಹಣ್ಣು ಕಾಯಲಾರದು. ಈ ಪತ್ರಕ್ಕೆ ಅಡ್ಡಿಯಾಗಬಹುದಾದ ಕಾರಣಗಳಲ್ಲಿ ವಾಹನದ ಸ್ಥಳಸೂಚಕ ಯಂತ್ರವೂ ಈಗ ಸೇರಿಕೊಂಡಿರುವುದರಿಂದ ಅದರ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಕೇಂದ್ರ ಸರ್ಕಾರದವರು 2016ನೆಯ ನವೆಂಬರ್ 28ರಂದು ಕೇಂದ್ರ ಮೋಟಾರು ವಾಹನಗಳ ನಿಯಮಗಳಿಗೆ 125-ಎಚ್ ಎಂಬ ಹೊಸ ನಿಯಮವನ್ನು ಸೇರಿಸಿದರು. ಬಾಡಿಗೆಗೆ ಪ್ರಯಾಣಿಕರನ್ನು ಒಯ್ಯುವ ಬಸ್ಸು, ಟ್ಯಾಕ್ಸಿ, ಮ್ಯಾಕ್ಸಿಕ್ಯಾಬುಗಳಲ್ಲಿ ಸ್ಥಳಸೂಚಕ ಯಂತ್ರವೂ ತುರ್ತು ಗುಂಡಿಯೂ ಇರತಕ್ಕದ್ದೆಂಬುದೇ ಅದರ ಸಾರ. 2019ನೆಯ ಜನವರಿ 1ರಿಂದ ನೋಂದಣಿಯಾಗುವ ಹೊಸ ವಾಹನಗಳಿಗೆ ಇದು ಅನ್ವಯಿಸಿತು. ಹಳೆಯ ವಾಹನಗಳ ವಿಷಯವನ್ನು ಆಯಾ ರಾಜ್ಯಗಳಿಗೆ ಬಿಡಲಾಯಿತು. ಅದರಂತೆ ಕರ್ನಾಟಕ ಸರ್ಕಾರದವರು 2023ರಲ್ಲಿ ಹೊರಡಿಸಿದ ಆದೇಶದಲ್ಲಿ ಪ್ರಯಾಣಿಕರ ವಾಹನಗಳೊಡನೆ ರಾಷ್ಟ್ರೀಯ ರಹದಾರಿಯುಳ್ಳ ಸರಕಿನ ಲಾರಿಗಳನ್ನೂ ಸೇರಿಸಿದರು. ಹೊರ ರಾಜ್ಯದ ಪೇಟೆಗಳಿಗೆ ತರಕಾರಿ ಒಯ್ಯುವ ಲಾರಿಯ ಯಜಮಾನರು ಈ ಅಂಶವನ್ನು ಮುಖ್ಯವಾಗಿ ಗಮನಿಸತಕ್ಕದ್ದು.

ಗ್ರಾಮಗಳಲ್ಲಿ ಇದಕ್ಕಿಂತ ಹೆಚ್ಚಾಗಿ ಕೇಳಿಬರುವ ಪ್ರಶ್ನೆಯು ಟ್ರ್ಯಾಕ್ಟರಿನದು. ಟ್ರ್ಯಾಕ್ಟರಿಗೂ ಯಂತ್ರ ಹಾಕಿಸಬೇಕೆಂದು ಹೇಳಿ ರೈತರಿಂದ ಹಣ ಕೀಳುವವರು ಎದುರಾದರೆ ಅವರ ಮಾತಿಗೆ ಕಿವಿಗೊಡಬೇಕಾದುದಿಲ್ಲ. ವ್ಯವಸಾಯದ ಟ್ರ್ಯಾಕ್ಟರು ಸಾರಿಗೆ ವಾಹನವಲ್ಲವೆಂದು ಕೇಂದ್ರ ನಿಯಮಗಳೇ ಸ್ಪಷ್ಟವಾಗಿ ಹೇಳುತ್ತವೆ. ಟ್ರೇಲರನ್ನು ಕಟ್ಟಿಕೊಂಡು ವ್ಯವಸಾಯದ ಪದಾರ್ಥಗಳನ್ನು ಸಾಗಿಸುವುದೂ ಆ ವಿವರಣೆಯೊಳಗೇ ಬರುವುದು. ಆದರೆ ಅದೇ ಟ್ರೇಲರಿನಲ್ಲಿ ಬಾಡಿಗೆಗೆ ಇಟ್ಟಿಗೆಯನ್ನೋ ಮರಳನ್ನೋ ಹೊರಿಸಿದರೆ ಅದು ಬೇರೆಯ ಮಾತು. ದ್ವಿಚಕ್ರ, ತ್ರಿಚಕ್ರ ವಾಹನಗಳಿಗೂ ವಿದ್ಯುತ್ ರಿಕ್ಷಾಗಳಿಗೂ 125-ಎಚ್ ನಿಯಮದಿಂದ ವಿನಾಯಿತಿಯಿದೆ. ಹೊರೆಯೂ ಸೇರಿ 3,000 ಕಿಲೋಗ್ರಾಂ ಮೀರದ ಸಣ್ಣ ಸರಕು ಗಾಡಿಗೆ ರಹದಾರಿಯೇ ಬೇಡವಾದುದರಿಂದ ಅದನ್ನೂ ಈ ನಿಯಮವು ಮುಟ್ಟುವುದಿಲ್ಲ.

ಯಂತ್ರದ ಕೆಲಸವು ಕಷ್ಟವಾದುದೇನಲ್ಲ. ಆಕಾಶದಲ್ಲಿರುವ ಉಪಗ್ರಹಗಳ ಸಂಕೇತಗಳಿಂದ ಅದು ತಾನಿರುವ ಸ್ಥಳವನ್ನು ಲೆಕ್ಕಹಾಕಿ, ತನ್ನೊಳಗಿನ ಸಿಮ್ಮಿನ ಮೂಲಕ ಸರ್ಕಾರದ ಕೇಂದ್ರಕ್ಕೆ ತಿಳಿಸುತ್ತಿರುವುದು. ಅಮೆರಿಕದವರ ಜಿ.ಪಿ.ಎಸ್. ಅಲ್ಲದೆ ಭಾರತದ್ದೇ ಆದ ನಾವಿಕ್ ಉಪಗ್ರಹಗಳ ಸಂಕೇತವನ್ನೂ ಇದು ಗ್ರಹಿಸಬಲ್ಲುದು. 2013ರಲ್ಲಿ ಮೊದಲ ಉಪಗ್ರಹವನ್ನು ಹಾರಿಸಲಾದ ಆ ವ್ಯವಸ್ಥೆಯ ಮೇಲ್ವಿಚಾರಣೆಯು ಹಾಸನದಿಂದಲೂ ಬೆಂಗಳೂರಿನ ಸಮೀಪದ ಬ್ಯಾಲಾಳಿನಿಂದಲೂ ನಡೆಯುವುದೆಂಬುದು ನಮ್ಮ ನಾಡಿನವರು ತಿಳಿದಿರಬೇಕಾದ ಸಂಗತಿ. ಘಟ್ಟದ ತಿರುವುಗಳಲ್ಲಿ ದೂರವಾಣಿಯ ಸಂಪರ್ಕ ತಪ್ಪಿದರೆ ಯಂತ್ರವು 40,000 ದಾಖಲೆಗಳವರೆಗೆ ತನ್ನಲ್ಲಿಯೇ ಕೂಡಿಟ್ಟುಕೊಂಡು, ಸಂಪರ್ಕ ದೊರೆತ ಕೂಡಲೆ ಕಳುಹಿಸುವುದು. ವಾಹನದ ಬ್ಯಾಟರಿಯ ತಂತಿಯನ್ನು ಕಳಚಿದರೂ ಒಳಗಿನ ಪುಟ್ಟ ಬ್ಯಾಟರಿಯು ಕನಿಷ್ಠ ನಾಲ್ಕು ಗಂಟೆ ಕಾಲ ಅದನ್ನು ನಡೆಸತಕ್ಕದ್ದು. ಕಳಚಿದ ಸುದ್ದಿಯೂ ಆಗಲೇ ಕೇಂದ್ರಕ್ಕೆ ಮುಟ್ಟುವುದು. ಗುಂಡಿಯನ್ನು ಒತ್ತಿದರೆ ತುರ್ತು ವಾರ್ತೆಯು ಹೋಗುವುದು. ರಾತ್ರಿ ಕೊನೆಯ ಗಾಡಿಯಲ್ಲಿ ಊರಿಗೆ ಮರಳುವ ಹೆಣ್ಣುಮಕ್ಕಳಿಗೆ ಈ ಗುಂಡಿಯೇ ಇಡೀ ನಿಯಮದ ಪ್ರಯೋಜನವೆನ್ನಬಹುದು. ಆದುದರಿಂದ ಸರಕಿನ ಮೂಟೆಗಳನ್ನು ಅದರ ಮೇಲೆ ಒಟ್ಟುವುದಾಗಲಿ, ಬಣ್ಣ ಬಳಿದು ಮುಚ್ಚುವುದಾಗಲಿ ಕೂಡದು.

ಯಜಮಾನರು ಮೋಸಹೋಗುವುದು ಕೊಳ್ಳುವಾಗ. ಅಂಗಡಿಗಳಲ್ಲಿ ಅಗ್ಗದ ಜಿ.ಪಿ.ಎಸ್. ಯಂತ್ರಗಳು ಬೇಕಾದಷ್ಟು ದೊರೆಯುವುವು. ಲಾರಿಯೆಲ್ಲಿದೆಯೆಂದು ಮನೆಯಲ್ಲಿ ಕುಳಿತು ನೋಡಲು ಅವು ಸಾಕು. ನಿಯಮಕ್ಕೆ ಮಾತ್ರ ಸಲ್ಲವು. ಎ.ಐ.ಎಸ್.-140 ಎಂಬ ಪ್ರಮಾಣಕ್ಕೆ ಅನುಸಾರವಾಗಿ ಪುಣೆಯ ಎ.ಆರ್.ಎ.ಐ. ಮುಂತಾದ ಅಧಿಕೃತ ಸಂಸ್ಥೆಗಳಲ್ಲಿ ಪರೀಕ್ಷೆಯಾಗಿ, ರಾಜ್ಯದ ಸಾರಿಗೆ ಇಲಾಖೆಯವರ ಒಪ್ಪಿಗೆಯ ಪಟ್ಟಿಯಲ್ಲಿರುವ ತಯಾರಕರ ಯಂತ್ರವೇ ಆಗಬೇಕು. ಅದರ ಸಂಖ್ಯೆಯು ವಾಹನದ ನೋಂದಣಿ ಸಂಖ್ಯೆಯೊಡನೆ ಸರ್ಕಾರದ ದಾಖಲೆಯಲ್ಲಿ ಜೋಡಣೆಯಾಗಬೇಕು. ಜೋಡಣೆಯಾಗದ ಯಂತ್ರವು ಬೇರೊಬ್ಬರ ಹೆಸರಿನಲ್ಲಿರುವ ಪಹಣಿಯಂತೆ. ಕೈಯಲ್ಲಿದ್ದೂ ಕೆಲಸಕ್ಕೆ ಬಾರದು. ಅಳವಡಿಸಿದವರಿಂದ ರಸೀತಿಯನ್ನೂ ಅಳವಡಿಕೆಯ ಪ್ರಮಾಣಪತ್ರವನ್ನೂ ಕೇಳಿ ಪಡೆದು, ಎರಡರಲ್ಲಿಯೂ ಸಂಖ್ಯೆಗಳನ್ನು ಅಕ್ಷರಶಃ ತಾಳೆನೋಡುವುದು ಉತ್ತಮ.

ಎರಡನೆಯ ತೊಡಕು ಚಂದಾಹಣದ್ದು. ಸಿಮ್ಮಿನ ಅವಧಿ ತೀರಿದ ಮೇಲೆ ಯಂತ್ರವು ವಾರ್ತೆ ಕಳುಹಿಸಲಾರದು. ದೀಪ ಉರಿಯುತ್ತಿರುವುದರಿಂದ ಎಲ್ಲವೂ ಸರಿಯಾಗಿದೆಯೆಂದು ಚಾಲಕನು ತಿಳಿದಿರುವನು; ದೋಷವು ತಪಾಸಣೆಯ ದಿನವೇ ಬಯಲಾಗುವುದು.

ಸಾರಿಗೆ ವಾಹನದ ಎಫ್.ಸಿ.ಯು ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆಯೂ, ಅನಂತರ ಪ್ರತಿ ವರ್ಷವೂ ನವೀಕರಣವಾಗತಕ್ಕದ್ದು. ಗಡುವು ಸುಗ್ಗಿಯ ತಿಂಗಳಲ್ಲಿ ಬೀಳುವುದಾದರೆ ಕೆಲಸ ಕಡಿಮೆಯಿರುವ ಹಿಂದಿನ ತಿಂಗಳಿನಲ್ಲಿಯೇ ಚಂದಾ ಅವಧಿಯನ್ನು ನೋಡಿಸಿ, ವಾಹನವನ್ನು ಹತ್ತು ಮೈಲಿ ಓಡಿಸಿ, ದಾಖಲೆಗಳು ಕೇಂದ್ರಕ್ಕೆ ಮುಟ್ಟುತ್ತಿವೆಯೇ ಎಂಬುದನ್ನು ಯಂತ್ರ ಮಾರಿದವರಿಂದ ಬರಹದಲ್ಲಿ ಪಡೆದುಕೊಂಡು ಆಮೇಲೆ ಸಾರಿಗೆ ಕಚೇರಿಗೆ ಹೋಗತಕ್ಕದ್ದು.